ಹೊಳವಿನ ಲೆಕ್ಕ: ಮಲೆನಾಡಿನ ಮಳೆಗಾಲದ ಪ್ರವಾಸ ಕಲಿಸಿದ್ದು

ಪ್ರವಾಸದ ಯೋಜನೆಯಲ್ಲಿ ಕಾಲ, ನೆಲೆ, ನೋಟ ಎಂಬ ಮೂರು ಅಂಶಗಳು ಸೇರಿರುತ್ತವೆ. ಕಾಲವೆಂದರೆ ಹೋಗುವ ಊರಿನ ಹವೆ ಮತ್ತು ಋತು, ನೆಲೆಯೆಂದರೆ ಉಳಿದುಕೊಳ್ಳುವ ಮನೆ ಅಥವಾ ವಸತಿಗೃಹ, ನೋಟವೆಂದರೆ ಕಾಣಬೇಕೆಂದು ಬಯಸುವ ಜಲಪಾತ, ಬೆಟ್ಟ, ದೇವಾಲಯಗಳು. ಹೆಚ್ಚಿನವರು ಮೊದಲು ನೋಟಗಳ ಪಟ್ಟಿ ಮಾಡಿ, ಅವುಗಳ ನಡುವೆ ಎಲ್ಲೋ ಒಂದು ಕೋಣೆ ಕಾಯ್ದಿರಿಸಿ, ಹೊರಡುವ ಮುನ್ನಾದಿನ ಮಳೆಯ ಬಗ್ಗೆ ವಿಚಾರಿಸುತ್ತಾರೆ. ಬಯಲುಸೀಮೆಯಲ್ಲಿ ಈ ಕ್ರಮದಿಂದ ದೊಡ್ಡ ತೊಂದರೆಯಾಗುವುದಿಲ್ಲ. ಆದರೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಮತ್ತು ನೆರೆಯ ಶೃಂಗೇರಿ ಸೀಮೆಯಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ, ಈ ಕ್ರಮ ನಡೆಯುವುದಿಲ್ಲ. ಹಲವು ಮಳೆಗಾಲಗಳಲ್ಲಿ ಕುಟುಂಬದೊಂದಿಗೆ ಈ ಸೀಮೆಗೆ ಹೋಗಿಬಂದ ಲೇಖಕ, ಮೊದಲ ಎರಡು ಸಲ ಏನನ್ನೂ ಕಾಣದೆ ಮರಳಿದ ಮೇಲೆ, ಕಾಲವನ್ನು ಮೊದಲಿಗೂ ನೋಟವನ್ನು ಕೊನೆಗೂ ಇಡುವ ಪದ್ಧತಿಗೆ ಬಂದನು. ಆ ಪದ್ಧತಿ ಹೇಗೆ ರೂಪುಗೊಂಡಿತು ಎಂಬುದೇ ಈ ಬರಹದ ವಿಷಯ.

ಮಲೆನಾಡಿನ ಮಳೆಯ ಪ್ರಮಾಣವನ್ನು ಅಂಕಿಗಳಿಲ್ಲದೆ ಊಹಿಸುವುದು ಕಷ್ಟ. ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ನೈಋತ್ಯ ಮಾರುತಗಳು ಕರಾವಳಿಯ ಕಿರಿದಾದ ಬಯಲನ್ನು ದಾಟಿದೊಡನೆ ಘಟ್ಟದ ಗೋಡೆಗೆ ಎದುರಾಗಿ ಮೇಲೇರಬೇಕಾಗುತ್ತದೆ. ಮೇಲೇರಿದ ಗಾಳಿ ತಣಿಯುತ್ತದೆ, ತಣಿದ ಗಾಳಿ ಹೊತ್ತ ನೀರನ್ನು ಅಲ್ಲಿಯೇ ಇಳಿಸುತ್ತದೆ. ಆ ಗೋಡೆಯ ನೆತ್ತಿಯ ಮೇಲಿರುವ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,500 ಮಿಲಿಮೀಟರಿಗೂ ಹೆಚ್ಚು. 1946ರ ಆಗಸ್ಟ್ ತಿಂಗಳೊಂದರಲ್ಲಿಯೇ ಅಲ್ಲಿ 4,508 ಮಿಲಿಮೀಟರ್ ಮಳೆ ದಾಖಲಾಗಿದೆ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 1,000 ಮಿಲಿಮೀಟರಿನ ಆಸುಪಾಸಿನಲ್ಲಿದೆ ಎಂಬುದನ್ನು ನೆನೆದರೆ, ರಾಜಧಾನಿಯ ನಾಲ್ಕು ವರ್ಷಗಳ ಮಳೆ ಆ ಒಂದೇ ತಿಂಗಳಲ್ಲಿ ಸುರಿದಿತ್ತು ಎಂದು ತಿಳಿಯುತ್ತದೆ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಂತೆ ಈ ಪ್ರಮಾಣ ಬಹು ಬೇಗ ಇಳಿಯುವುದರಿಂದ, ಶಿವಮೊಗ್ಗ ನಗರದ ಹೆಸರಿನಲ್ಲಿ ಮೊಬೈಲು ತೋರಿಸುವ ಮುನ್ಸೂಚನೆಯನ್ನು ನಂಬಿ ಆಗುಂಬೆಗೆ ಹೊರಡುವುದು ತಪ್ಪು ಲೆಕ್ಕ. ಲೇಖಕನ ಮೊದಲ ಪ್ರವಾಸ ಕೆಟ್ಟದ್ದು ಈ ಒಂದು ಕಾರಣದಿಂದಲೇ.

ಈ ಮಳೆಯನ್ನು ಅಳೆಯಲು ಎರಡು ಪಂಚಾಂಗಗಳಿವೆ. ಮೊದಲನೆಯದು ಊರಿನವರ ಮಳೆನಕ್ಷತ್ರಗಳ ಪಂಚಾಂಗ. ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಹಾದುಹೋಗುವುದರಿಂದ ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನಗಳು ಸಿಗುತ್ತವೆ, ಆ ದಿನಗಳಲ್ಲಿ ಬೀಳುವ ಮಳೆಯನ್ನು ಆ ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾರೆ. ಜೂನ್ ಮೊದಲ ವಾರದ ಕೊನೆಗೆ ಕಾಲಿಡುವ ಮೃಗಶಿರದಲ್ಲಿ ಮುಂಗಾರು ನೆಲೆಗೊಳ್ಳುತ್ತದೆ. ಆರಿದ್ರ ಕಳೆದು ಜುಲೈ ಮೊದಲ ವಾರದಿಂದ ಪುನರ್ವಸು, ಅದರ ಬೆನ್ನಿಗೆ ಪುಷ್ಯ, ಆಗಸ್ಟ್ ಆರಂಭದಲ್ಲಿ ಆಶ್ಲೇಷ ಬರುತ್ತವೆ. ಈ ಮೂರು ಮಳೆಗಳ ಆರು ವಾರಗಳು ಸಾಮಾನ್ಯವಾಗಿ ಮಲೆನಾಡಿನ ಅತ್ಯಂತ ಒದ್ದೆಯಾದ ಅವಧಿ. ಮಘೆಯಲ್ಲಿ ಬಿರುಸು ತಗ್ಗತೊಡಗುತ್ತದೆ, ಹುಬ್ಬೆ ಮತ್ತು ಉತ್ತರೆಯಲ್ಲಿ ಹೊಳವುಗಳು ಉದ್ದವಾಗುತ್ತವೆ. ಹೊಳವು ಎಂದರೆ ಎರಡು ಮಳೆಗಳ ನಡುವೆ ಆಕಾಶ ತುಸು ತಿಳಿಯಾಗಿ ಬೆಳಕು ಇಣುಕುವ ಬಿಡುವು. ಮಲೆನಾಡಿನಲ್ಲಿ ಬಟ್ಟೆ ಒಣಗುವುದೂ ತೋಟದ ಕೆಲಸ ಸಾಗುವುದೂ ಇದರ ಮೇಲೆ ನಿಂತಿರುವುದರಿಂದ, ಮಳೆಗಿಂತಲೂ ಹೆಚ್ಚು ಗಮನದಿಂದ ಜನ ಹೊಳವನ್ನು ಕಾಯುತ್ತಾರೆ. ಪ್ರವಾಸಿಗನೂ ಕಾಯಬೇಕಾದದ್ದು ಇದನ್ನೇ. ತುಂಬಿ ಹರಿಯುವ ಹಳ್ಳಗಳೂ ಬೆಟ್ಟದ ನೋಟವೂ ಒಟ್ಟಿಗೆ ಬೇಕೆನ್ನುವವರಿಗೆ ಹುಬ್ಬೆಯಿಂದ ಹಸ್ತದವರೆಗಿನ ದಿನಗಳು, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗಿನ ಅವಧಿ, ಉತ್ತಮ ಎಂಬುದು ಲೇಖಕನ ದೃಢವಾದ ಅಭಿಪ್ರಾಯ. ಮಳೆಯನ್ನೇ ನೋಡಲು ಬರುವವರಿಗೆ ಮಾತ್ರ ಪುಷ್ಯವೇ ಸರಿ. ಆಗುಂಬೆಯ ಪ್ರಸಿದ್ಧ ಸೂರ್ಯಾಸ್ತವನ್ನು ಮಳೆಗಾಲದಲ್ಲಿ ಬಯಸುವುದರಲ್ಲಿ ಅರ್ಥವಿಲ್ಲ. ಪಡುವಣ ಕಡಲಿನವರೆಗೆ ಕಣ್ಣು ಹಾಯಬೇಕಾದರೆ ಮೋಡ ಹರಿದ ನವೆಂಬರ್, ಡಿಸೆಂಬರ್ ಬೇಕು.

ಎರಡನೆಯ ಪಂಚಾಂಗ ಭಾರತೀಯ ಹವಾಮಾನ ಇಲಾಖೆಯದು. ಇಲಾಖೆಯ ಪರಿಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದ ಮಳೆ ‘ಭಾರೀ’, 115.6 ದಾಟಿದರೆ ‘ಅತಿ ಭಾರೀ’, 204.4 ಮೀರಿದರೆ ಅದಕ್ಕೂ ಮೇಲಿನ ವರ್ಗ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಹಾಗಾಗಿ 200 ಮಿಲಿಮೀಟರ್ ಬಿದ್ದ ದಿನ ಹತ್ತು ಚದರ ಮೀಟರಿನ ಪುಟ್ಟ ಅಂಗಳದ ಮೇಲೆ ಎರಡು ಸಾವಿರ ಲೀಟರ್ ನೀರು ಸುರಿದಿರುತ್ತದೆ. ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಯ ಬಣ್ಣಗಳು ಕ್ರಮವಾಗಿ ಗಮನವಿರಲಿ, ಸಿದ್ಧರಾಗಿರಿ, ಕ್ರಮ ಕೈಗೊಳ್ಳಿ ಎಂಬ ಸೂಚನೆಗಳು. ಇವುಗಳ ಜೊತೆಗೆ ಲೇಖಕ ಹೆಚ್ಚು ನೆಚ್ಚಿಕೊಂಡಿರುವ ಒಂದು ಸರಳ ಸೂಚಕವಿದೆ: ತಾಲ್ಲೂಕಿನ ಶಾಲೆಗಳಿಗೆ ಮಳೆಯ ಕಾರಣದಿಂದ ರಜೆ ಘೋಷಣೆಯಾಗಿದೆಯೇ ಎಂದು ವಿಚಾರಿಸುವುದು. ಮಳೆಗೆ ಹುಟ್ಟಿನಿಂದ ಒಗ್ಗಿಕೊಂಡ ಮಕ್ಕಳೇ ಹಳ್ಳದ ಮೇಲಿನ ಕಾಲುಸಂಕ ದಾಟಬಾರದೆಂದು ತೀರ್ಮಾನವಾದ ದಿನ ಹೊರಗಿನವರು ಆ ರಸ್ತೆಗಿಳಿಯಬಾರದು.

ಮಳೆಗೂ ನೋಟಕ್ಕೂ ಇರುವ ಸಂಬಂಧ ಎಷ್ಟು ತೊಡಕಿನದೆಂಬುದನ್ನು ಜೋಗದಷ್ಟು ಚೆನ್ನಾಗಿ ಬೇರಾವ ಸ್ಥಳವೂ ತೋರಿಸಲಾರದು. ಶರಾವತಿಯು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ 253 ಮೀಟರ್, ಅಂದರೆ 830 ಅಡಿ ಆಳಕ್ಕೆ ಧುಮುಕುವ ಈ ಜಲಪಾತದ ಮೇಲ್ಭಾಗದಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ನದಿಯ ಬಹುಪಾಲು ನೀರು ವಿದ್ಯುತ್ತಿಗಾಗಿ ತಿರುಗಿಕೊಂಡಿತು. ಅಣೆಕಟ್ಟಿನ ಪೂರ್ಣ ಮಟ್ಟ 1,819 ಅಡಿ. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಜಲಾಶಯ ಆ ಮಟ್ಟವನ್ನು ಸಮೀಪಿಸಿದಾಗ ಗೇಟುಗಳನ್ನು ತೆರೆಯುತ್ತಾರೆ, ಆಗ ಜೋಗದಲ್ಲಿ ಹಳೆಯ ಶರಾವತಿಯ ರಭಸ ಮರಳಿ ಕಾಣುತ್ತದೆ. ಉಳಿದಂತೆ ಮಳೆಗಾಲದಲ್ಲಿ ಅಲ್ಲಿ ಬೀಳುವುದು ಮುಖ್ಯವಾಗಿ ಅಣೆಕಟ್ಟಿನ ಕೆಳಗಿನ ಕಾಡಿನಲ್ಲಿ ಕೂಡಿದ ನೀರು. ಹೀಗಾಗಿ ಜೂನ್‌ನಲ್ಲಿ ಜೋಗದ ಮೇಲೆ ಎಡೆಬಿಡದೆ ಮಳೆ ಹೊಯ್ಯುತ್ತಿದ್ದರೂ, ಬರಿದಾಗಿದ್ದ ಜಲಾಶಯ ತುಂಬುವವರೆಗೆ ಮೇಲಿನ ನೀರು ಕೆಳಗಿಳಿಯುವುದಿಲ್ಲ. ಜಲಪಾತ ನೋಡಲು ಹೊರಡುವವರು ಮಳೆಯ ಸುದ್ದಿಗಿಂತ ಮೊದಲು ದಿನಪತ್ರಿಕೆಯ ಜಲಾಶಯಗಳ ನೀರಿನ ಮಟ್ಟದ ಅಂಕಣವನ್ನು ನೋಡಬೇಕೆಂಬುದನ್ನು ಲೇಖಕ ಕಲಿತದ್ದು ಎರಡನೆಯ ಪ್ರವಾಸದಲ್ಲಿ.

ಆ ಎರಡನೆಯ ಪ್ರವಾಸದ ಯೋಜನೆ ಮೂರು ದಿನಗಳಲ್ಲಿ ಆರು ಸ್ಥಳಗಳನ್ನು ಮುಗಿಸುವಂತಿತ್ತು. ಮೊದಲ ರಾತ್ರಿ ಶೃಂಗೇರಿಯಲ್ಲಿ, ಎರಡನೆಯದು ತೀರ್ಥಹಳ್ಳಿಯಲ್ಲಿ, ಮೂರನೆಯದು ಸಾಗರದಲ್ಲಿ ಎಂದು ಮೂರೂ ಕಡೆ ಮುಂಗಡ ಕಟ್ಟಲಾಗಿತ್ತು. ಆಶ್ಲೇಷದ ಮಳೆಯಲ್ಲಿ ಮೊದಲ ದಿನವೇ ಮರ ಉರುಳಿ ರಸ್ತೆ ಕಟ್ಟಿಹೋದುದರಿಂದ ಅರ್ಧ ದಿನ ಹೋಯಿತು. ಒಂದು ಕಡೆ ತಡವಾದ ಕೂಡಲೇ ಮುಂದಿನ ಎರಡೂ ನೆಲೆಗಳ ಲೆಕ್ಕ ತಪ್ಪಿತು, ಕಟ್ಟಿದ ಮುಂಗಡ ಮರಳಲಿಲ್ಲ. ಮೂರನೆಯ ದಿನ ಜೋಗದ ಕಟಕಟೆಯ ಬಳಿ ನಿಂತಾಗ ನೀರಿನ ಮೊರೆತ ಕೇಳಿಸುತ್ತಿತ್ತು, ಎದುರಿಗೆ ಮಂಜಿನ ಬಿಳಿ ಗೋಡೆಯ ಹೊರತು ಏನೂ ಇರಲಿಲ್ಲ. ಆ ಮಂಜು ಯಾವಾಗ ಬೇಕಾದರೂ ಹತ್ತು ನಿಮಿಷ ಸರಿಯಬಹುದಿತ್ತು. ಆದರೆ ರಾತ್ರಿಯ ರೈಲು ಹಿಡಿಯಬೇಕಿದ್ದ ಕುಟುಂಬದ ಬಳಿ ಇದ್ದದ್ದು ಮುಕ್ಕಾಲು ಗಂಟೆ ಮಾತ್ರ. ಮಳೆ ಇಲ್ಲಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು, ತಪ್ಪಿದ್ದು ದಿನಕ್ಕೊಂದು ಊರಿನಂತೆ ಹಾಸಿಗೆ ಬದಲಿಸುವ ಯೋಜನೆ. ದಿನಕ್ಕೊಂದು ನೆಲೆಯೆಂದರೆ ಕಾಯಲು ಎಲ್ಲಿಯೂ ಬಿಡುವಿಲ್ಲವೆಂದೇ ಅರ್ಥ; ಕಾಯಲಾಗದವನಿಗೆ ಹೊಳವು ಬಂದರೂ ದಕ್ಕುವುದಿಲ್ಲ.

ಆ ಬಳಿಕ ಲೇಖಕನ ಕುಟುಂಬ ಒಂದು ಪ್ರವಾಸಕ್ಕೆ ಒಂದೇ ನೆಲೆ ಎಂಬ ನಿಯಮಕ್ಕೆ ಬಂದಿತು: ಒಂದೇ ಮನೆಯಲ್ಲಿ ಕನಿಷ್ಠ ಮೂರು ರಾತ್ರಿ ಉಳಿಯುವುದು, ಸುತ್ತಲಿನ ಮೂವತ್ತು ನಲವತ್ತು ಕಿಲೋಮೀಟರಿನೊಳಗಿನ ನೋಟಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಳ್ಳುವುದು, ಆ ದಿನ ಯಾವುದೆಂಬುದನ್ನು ಬೆಳಿಗ್ಗೆ ಆಕಾಶ ನೋಡಿ ನಿರ್ಧರಿಸುವುದು. ತೀರ್ಥಹಳ್ಳಿಯ ಸುತ್ತಿನಲ್ಲಿ ಉಳಿದವರಿಗೆ ಆಗುಂಬೆ, ಕುಪ್ಪಳಿ, ಕುಂದಾದ್ರಿ, ಕವಲೇದುರ್ಗ ಇವೆಲ್ಲ ಈ ಅಳತೆಯೊಳಗೆ ಬರುತ್ತವೆ. ಸಾಗರದ ಸುತ್ತಿನಲ್ಲಿ ಉಳಿದವರಿಗೆ ಜೋಗ, ಇಕ್ಕೇರಿ, ಕೆಳದಿ. ಎರಡು ಸುತ್ತುಗಳನ್ನು ಒಂದೇ ಪ್ರವಾಸದಲ್ಲಿ ಬೆಸೆಯುವ ಆಸೆಯನ್ನು ಬಿಡಬೇಕು. ಸಾಗರದ ಸುತ್ತನ್ನು ಮತ್ತೊಂದು ವರ್ಷಕ್ಕೆ ಉಳಿಸಿಕೊಂಡಾಗ ಎರಡೂ ಚೆನ್ನಾಗಿ ಕಂಡವು.

ನೆಲೆ ಒಂದೇ ಆದಮೇಲೆ ಅದನ್ನು ಆರಿಸುವ ಕೆಲಸಕ್ಕೆ ಹೆಚ್ಚಿನ ತೂಕ ಬರುತ್ತದೆ. ಪೇಟೆಯ ಲಾಡ್ಜಿನಲ್ಲಿ ಜೋರು ಮಳೆಯ ದಿನವೆಂದರೆ ಮುಚ್ಚಿದ ಕೋಣೆಯ ದಿನ. ಅಗಲವಾದ ಜಗಲಿಯುಳ್ಳ ಹಳೆಯ ಮನೆಯ ಹೋಂಸ್ಟೇಯಲ್ಲಿ ಅದೇ ದಿನ ಅಡಿಕೆ ತೋಟದ ಮೇಲೆ ಮಳೆ ಸಾಲುಸಾಲಾಗಿ ನಡೆದುಬರುವುದನ್ನು ನೋಡುವ ದಿನವಾಗುತ್ತದೆ. ಆದ್ದರಿಂದ ಕೋಣೆಯ ಬಾಡಿಗೆಗಿಂತ ಮೊದಲು ಕೇಳಬೇಕಾದ ಸಂಗತಿಗಳು ಬೇರೆಯೇ ಇವೆ. ಮುಖ್ಯ ರಸ್ತೆಯಿಂದ ಮನೆಯವರೆಗಿನ ದಾರಿ ಮಣ್ಣಿನದೋ ಡಾಂಬರಿನದೋ, ನಡುವೆ ಹಳ್ಳವಿದ್ದರೆ ಅದಕ್ಕೆ ಸೇತುವೆಯಿದೆಯೋ ಇಲ್ಲವೋ ಎಂಬುದು ಮೊದಲನೆಯದು. ಬಚ್ಚಲೊಲೆಯಲ್ಲಿ ಹಂಡೆಯ ನೀರು ಕಾಯುತ್ತದೆಯೋ, ಅಥವಾ ಬಿಸಿನೀರು ಕರೆಂಟನ್ನು ನಂಬಿಕೊಂಡಿದೆಯೋ ಎಂಬುದು ಎರಡನೆಯದು, ಏಕೆಂದರೆ ಪುಷ್ಯದಲ್ಲಿ ಕರೆಂಟು ಎರಡು ಮೂರು ದಿನ ಇಲ್ಲದಿರುವುದು ಅಪರೂಪವೇನಲ್ಲ. ಕರೆಂಟು ಹೋದ ಬೆನ್ನಿಗೆ ಫೋನಿನ ಟವರೂ ಸುಮ್ಮನಾಗುವುದರಿಂದ ಕೈಯಲ್ಲಿ ನಗದು ಇರಬೇಕು. ಒದ್ದೆ ಬಟ್ಟೆ ಒಣಗಿಸಲು ಒಲೆಯ ಬಳಿ ಜಾಗ ಸಿಗುವುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇಂಬಳಗಳ, ಅಂದರೆ ನೆಲದ ಜಿಗಣೆಗಳ ವಿಷಯವನ್ನು ಮನೆಯವರೇ ಹೇಳುತ್ತಾರೆ, ಉಪ್ಪಿನ ಚೀಟಿಯನ್ನೂ ಕೊಡುತ್ತಾರೆ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಪ್ರವಾಸದ ಪುಸ್ತಕಗಳು ಹೇಳುವುದಿಲ್ಲ. ಮಲೆನಾಡಿನ ಇಂಥ ಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವವರು ಬಹುಮಟ್ಟಿಗೆ ಅಡಿಕೆ ಬೆಳೆಗಾರರು. ಮಳೆಗಾಲದಲ್ಲಿ ಅವರ ದೊಡ್ಡ ಚಿಂತೆ ಕೊಳೆರೋಗ, ಅಂದರೆ ಸತತವಾದ ತೇವದಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ರೋಗ. ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆದು ಇದನ್ನು ತಡೆಯುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, ತಿಂಗಳು ಒಂದೂವರೆ ತಿಂಗಳ ಬಳಿಕ ಮತ್ತೊಮ್ಮೆ ಹೊಡೆಯಬೇಕು, ಮತ್ತು ಅದಕ್ಕೆ ಹೊಳವೇ ಬೇಕು. ಪ್ರವಾಸಿಗ ಬೆಟ್ಟಕ್ಕೆ ಹೊರಡಲು ಕಾಯುವ ಆ ಒಂದೆರಡು ಗಂಟೆಯ ಬಿಡುವಿಗಾಗಿಯೇ ಮನೆಯ ಯಜಮಾನನೂ ಮರವೇರುವ ಕೊನೆಗಾರನೂ ವಾರದಿಂದ ಕಾಯುತ್ತಿರುತ್ತಾರೆ. ಅಂಥ ಬೆಳಿಗ್ಗೆ ದಾರಿ ತೋರಿಸಲು ಯಾರಾದರೂ ಜೊತೆಗೆ ಬರಲಿ, ತಿಂಡಿ ಬೇಗ ಆಗಲಿ ಎಂದು ಒತ್ತಾಯಿಸುವುದು ವರ್ಷದ ಬೆಳೆಗೆ ಅಡ್ಡ ಬಂದಂತೆ. ಒಮ್ಮೆ ಅರಿಯದೆ ಹಾಗೆ ಒತ್ತಾಯಿಸಿ, ಮನೆಯವರ ಸೌಜನ್ಯದಿಂದಾಗಿ ಅದು ನಡೆದೂಹೋಗಿ, ಸಂಜೆ ಮತ್ತೆ ಕವಿದ ಮಳೆಯಲ್ಲಿ ಅರ್ಧಕ್ಕೆ ನಿಂತ ಔಷಧಿಯ ಡ್ರಮ್ಮನ್ನು ಅಂಗಳದಲ್ಲಿ ಕಂಡಾಗ ಆದ ನೋವು ಲೇಖಕನಿಗೆ ಇಂದಿಗೂ ಮಾಸಿಲ್ಲ.

ನೋಟಗಳನ್ನು ಹೊಳವಿನವು, ಸೂರಿನವು ಎಂದು ಎರಡಾಗಿ ವಿಂಗಡಿಸಿಕೊಳ್ಳುವುದು ಲೇಖಕ ಕಂಡುಕೊಂಡ ಮತ್ತೊಂದು ಉಪಾಯ. ಪಾರ್ಶ್ವನಾಥ ಬಸದಿಯಿರುವ ಕುಂದಾದ್ರಿ, ಕೆಳದಿ ನಾಯಕರ ಕೋಟೆಯಾದ ಕವಲೇದುರ್ಗ, ಜೋಗ ಇವು ಹೊಳವಿನ ನೋಟಗಳು. ಕವಲೇದುರ್ಗದ ಕಲ್ಲುಹಾಸು ಪಾಚಿಗಟ್ಟಿ ಜಾರುವುದರಿಂದ ಅದಕ್ಕೆ ಉದ್ದನೆಯ ಹೊಳವೇ ಬೇಕು. ಕುವೆಂಪು ಅವರ ಬಾಲ್ಯದ ಮನೆಯಾದ ಕುಪ್ಪಳಿಯ ಕವಿಮನೆ, ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ, ಶೃಂಗೇರಿಯ ವಿದ್ಯಾಶಂಕರ ದೇವಾಲಯಗಳು ಸೂರಿನ ನೋಟಗಳು. ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ಸೂರ್ಯ ರಾಶಿಯಿಂದ ರಾಶಿಗೆ ಸಾಗುವ ಲೆಕ್ಕಕ್ಕೆ ಹೊಂದಿಸಿ ನಿಲ್ಲಿಸಲಾಗಿದೆ ಎಂಬ ಪ್ರತೀತಿಯಿದೆ. ಮಳೆನಕ್ಷತ್ರಗಳ ಲೆಕ್ಕವೂ ಅದೇ ಸೂರ್ಯನ ಹಾದಿಯದಾದ್ದರಿಂದ, ಹೊರಗೆ ತುಂಗೆ ಮೆಟ್ಟಿಲೇರಿ ಹರಿಯುತ್ತಿರುವಾಗ ಆ ಕಂಬಗಳ ನಡುವೆ ನಿಲ್ಲುವುದು ಬಿಸಿಲಿನ ದಿನದ ಭೇಟಿಗಿಂತ ಆಳವಾದ ಅನುಭವ.

ಅಪಾಯದ ಮಾತನ್ನು ಬಿಡುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಅವರಲ್ಲಿ ದಾರಿಯ ಮೇಲೆ ಸಾಗುತ್ತಿದ್ದವರೂ ಇದ್ದರು. ಆ ನೆನಪಿನಲ್ಲಿ ಲೇಖಕನ ಕುಟುಂಬ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆಯ ದಿನ ಘಟ್ಟ ಇಳಿಯುವುದಿಲ್ಲ, ಸಂಜೆ ಐದರ ಮೇಲೆ ಘಟ್ಟದ ರಸ್ತೆಯಲ್ಲಿ ಇರುವುದಿಲ್ಲ, ಯಾವ ಜಲಪಾತದ ಬಂಡೆಯ ಮೇಲೂ ಇಳಿಯುವುದಿಲ್ಲ.

ಈಗ ಮಳೆಗಾಲದ ಪ್ರವಾಸದ ತಯಾರಿ ಒಂದು ಫೋನ್ ಕರೆಯಿಂದ ಶುರುವಾಗುತ್ತದೆ. ಸಾಗರದ ಬಳಿಯ, ಈಗ ಪರಿಚಿತವಾಗಿರುವ ಮನೆಯೊಂದಕ್ಕೆ ಆಗಸ್ಟ್ ನಡುವಿನಲ್ಲಿ ಕರೆಮಾಡಿ, ಎರಡನೆಯ ಸಲದ ಕೊಳೆ ಔಷಧಿ ಮುಗಿಯಿತೇ ಎಂದು ಮೊದಲು ಕೇಳಲಾಗುತ್ತದೆ. ಇನ್ನೂ ಇಲ್ಲ, ಮಘೆ ಬಿಡುವೇ ಕೊಡುತ್ತಿಲ್ಲ ಎಂಬ ಉತ್ತರ ಬಂದರೆ, ರೈಲಿನ ಟಿಕೆಟನ್ನು ಹುಬ್ಬೆಗೆ ಮುಂದೂಡಲಾಗುತ್ತದೆ.