ಅರ್ಧಕ್ಕೆ ನಿಂತ ಡಿಗ್ರಿ: ಮತ್ತೆ ಓದಲು ಆರು ಹೆಜ್ಜೆ

ಬನಹಟ್ಟಿಯಲ್ಲಿ ಮಗ್ಗಕ್ಕೆ ಆಳು ಬೇಕಾಯಿತು, ಮುಧೋಳದಲ್ಲಿ ಕಬ್ಬಿನ ಸಾಲ ತೀರಿಸಬೇಕಾಯಿತು, ಬೀಳಗಿಯಲ್ಲಿ ಮದುವೆ ಗೊತ್ತಾಯಿತು. ಡಿಗ್ರಿ ಎರಡನೇ ವರ್ಷಕ್ಕೇ ನಿಂತಿತು. ಹೀಗೆ ಕಾಲೇಜು ಬಿಟ್ಟವರು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ಅವರು ಮತ್ತೆ ಓದಲು ದಾರಿಗಳಿವೆ.

1. ಹಳೆಯ ಮಾರ್ಕ್ಸ್ ಕಾರ್ಡ್ ಹುಡುಕಿ
ಟ್ರಂಕಿನ ತಳದಲ್ಲಿ ಮಡಚಿಟ್ಟ ಆ ಹಾಳೆಯನ್ನು ಮೊದಲು ಹೊರತೆಗೆಯಿರಿ. ಅದರಲ್ಲಿರುವ ವಿಶ್ವವಿದ್ಯಾಲಯದ ಹೆಸರು ಮತ್ತು ರಿಜಿಸ್ಟರ್ ನಂಬರ್ ಬರೆದಿಟ್ಟುಕೊಳ್ಳಿ. ಕಳೆದುಹೋಗಿದ್ದರೆ ಓದಿದ ಕಾಲೇಜಿನ ಕಚೇರಿಯಲ್ಲಿ ನಂಬರ್ ಕೇಳಿ, ನಕಲು ಪ್ರತಿಗೆ ಅರ್ಜಿ ಹಾಕಿ.

2. ದಾಖಲೆ ಎಲ್ಲಿದೆ ತಿಳಿಯಿರಿ
ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾದದ್ದು 2010ರಲ್ಲಿ. ಅದಕ್ಕೂ ಮೊದಲು ಈ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2023ರಲ್ಲಿ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. ಮಹಿಳಾ ಕಾಲೇಜಿನಲ್ಲಿ ಓದಿದವರು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೂ ವಿಚಾರಿಸಿ. ಮಾರ್ಕ್ಸ್ ಕಾರ್ಡಿನ ಮೇಲಿನ ಹೆಸರೇ ನೀವು ಹೋಗಬೇಕಾದ ಊರು ಹೇಳುತ್ತದೆ.

3. ಉಳಿದ ವಿಷಯ ಲೆಕ್ಕ ಹಾಕಿ
ಒಂದೆರಡು ವಿಷಯವಷ್ಟೇ ಬಾಕಿಯಿದ್ದರೆ ಹೊಸದಾಗಿ ಸೇರುವ ಮುನ್ನ ಪರೀಕ್ಷಾ ವಿಭಾಗದಲ್ಲಿ ಕೇಳಿ. ಕಾಲಮಿತಿ ಮುಗಿದವರಿಗೂ ವಿಶ್ವವಿದ್ಯಾಲಯಗಳು ಕೆಲವೊಮ್ಮೆ ವಿಶೇಷ ಅವಕಾಶ ಕೊಡುವುದುಂಟು. ಉತ್ತರವನ್ನು ಲಿಖಿತವಾಗಿ ಪಡೆಯಿರಿ.

4. ಹೊಸದಾಗಿ ಸೇರುವುದಾದರೆ
ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅಥವಾ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಕೆಲಸ ಮಾಡುತ್ತಲೇ ಓದಬಹುದು. ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿದೆ. ಇಗ್ನೋದಲ್ಲಿ ಜನವರಿ, ಜುಲೈ ಎರಡೂ ಅವಧಿಗೆ ಪ್ರವೇಶ ನಡೆಯುತ್ತದೆ. ಮೂರು ವರ್ಷದ ಬಿ.ಎ. ಮುಗಿಸಲು ಆರು ವರ್ಷದವರೆಗೆ ಅವಕಾಶವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆಯ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮ.

5. ಕಾಗದಪತ್ರ ಸರಿಪಡಿಸಿ
ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮತ್ತು ಆಧಾರ್‌ನಲ್ಲಿ ಹೆಸರಿನ ಅಕ್ಷರ ಒಂದೇ ಇರಲಿ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳು ಇದನ್ನು ಮೊದಲೇ ನೋಡಿಕೊಳ್ಳಬೇಕು. ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ, ಫೋಟೊ ಜೋಡಿಸಿಡಿ. ದೂರಶಿಕ್ಷಣಕ್ಕೆ ಈಗ ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮೆಯಾಗುವ ಖಾತೆಯ ಸಂಖ್ಯೆ) ಮತ್ತು ಯುಜಿಸಿಯ ದೂರಶಿಕ್ಷಣ ಬ್ಯೂರೋ ಕೊಡುವ ಡೆಬ್ ಐಡಿ ಬೇಕು. ಎರಡನ್ನೂ ಆನ್‌ಲೈನ್‌ನಲ್ಲಿ ಮಾಡಿಸಬಹುದು.

6. ಹೊತ್ತು ಹೊಂದಿಸಿ, ಮೋಸ ಹೋಗಬೇಡಿ
ಕಬ್ಬು ಕಟಾವಿನ ತಿಂಗಳುಗಳಲ್ಲಿ ಓದು ಸಾಗದು ಎಂದು ಮೊದಲೇ ಒಪ್ಪಿಕೊಂಡು, ಅಸೈನ್‌ಮೆಂಟ್‌ಗಳನ್ನು ಮಳೆಗಾಲದಲ್ಲೇ ಬರೆದಿಡಿ. ಮಗ್ಗ ನಿಂತ ಮೇಲೆ ದಿನಕ್ಕೆ ಒಂದು ತಾಸು ಕೂತರೂ ಸಾಕು. "ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸುತ್ತೇವೆ" ಎನ್ನುವ ಏಜೆಂಟರಿಗೆ ಹಣ ಕೊಡಬೇಡಿ. ಶುಲ್ಕವನ್ನು ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣದಲ್ಲೇ ಕಟ್ಟಿ, ರಸೀದಿ ಜೋಪಾನವಾಗಿಡಿ.

ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ವಯಸ್ಸಿನಲ್ಲಿ ತಾನೇ ಪರೀಕ್ಷೆಗೆ ಕೂರುವುದು ನಾಚಿಕೆಯ ಮಾತಲ್ಲ. ಈ ವಾರವೇ ಆ ಟ್ರಂಕು ತೆರೆಯಿರಿ.