ತೂಕದ ಕಲ್ಲು ತಪ್ಪಿದರೆ

ತಕ್ಕಡಿಯು ಸರಿಯಾಗಿದ್ದರೂ ತೂಕದ ಕಲ್ಲು ಸವೆದಿದ್ದರೆ ನಮಗೆ ದೊರೆಯುವ ಲೆಕ್ಕವು ತಪ್ಪಾಗುತ್ತದೆ. ಇಂತಹುದೇ ತೊಡಕು ಜೀವವಿಜ್ಞಾನದ ಪ್ರಯೋಗಶಾಲೆಯಲ್ಲಿಯೂ ಉಂಟು.

ನಾವು ನಡೆಯುವಾಗಲೂ ಭಾರ ಹೊರುವಾಗಲೂ ಮೊಣಕಾಲಿನ ಮೃದ್ವಸ್ಥಿ ಮತ್ತು ಬೆನ್ನುಮೂಳೆಯ ಮಣಿಗಳ ನಡುವಣ ಬಿಲ್ಲೆಗಳು ಒತ್ತಡಕ್ಕೆ ಒಳಗಾಗುತ್ತವೆ. ಅಲ್ಲಿಯ ಜೀವಕೋಶಗಳು ಇದನ್ನು ಗ್ರಹಿಸಿ, ಕೊಲ್ಯಾಜೆನ್, ಅಗ್ರಿಕ್ಯಾನ್ ಮೊದಲಾದ ಪ್ರೋಟೀನುಗಳ ತಯಾರಿಕೆಯನ್ನು ಹೆಚ್ಚಿಸುತ್ತವೆ ಇಲ್ಲವೆ ತಗ್ಗಿಸುತ್ತವೆ. ಎಂತಹ ಒತ್ತಡ ಹಿತಕರ, ಎಂತಹುದು ಹಾನಿಕರ? ಇದನ್ನರಿಯಲು ವಿಜ್ಞಾನಿಗಳು ಅಂಗಾಂಶದ ತುಣುಕುಗಳನ್ನು ಯಂತ್ರದಲ್ಲಿಟ್ಟು ಒತ್ತಿ, ವಂಶವಾಹಿಗಳಿಂದ ಹೊರಟ ಸಂದೇಶವಾಹಕ ಆರ್‌ಎನ್‌ಎಯ ಪ್ರಮಾಣವನ್ನು ಅಳೆಯುತ್ತಾರೆ. ಮೊದಲು ಅದನ್ನು ಡಿಎನ್‌ಎಯಾಗಿ ಪರಿವರ್ತಿಸಿ, ಪಿಸಿಆರ್ ವಿಧಾನದಿಂದ ಸುತ್ತುಸುತ್ತಿಗೂ ಇಮ್ಮಡಿಯಾಗಿಸುತ್ತಾರೆ. ಗೊತ್ತಾದ ಮಟ್ಟವನ್ನು ಮುಟ್ಟಲು 3 ಸುತ್ತು ಕಡಿಮೆ ಸಾಕಾದರೆ, ಮೂಲದಲ್ಲಿ ಸುಮಾರು 8 ಪಟ್ಟು ಹೆಚ್ಚು ಇದ್ದಿತೆಂದು ತಿಳಿಯಬೇಕು.

ಆದರೆ ಎಲ್ಲ ತುಣುಕುಗಳಿಂದಲೂ ಆರ್‌ಎನ್‌ಎ ಒಂದೇ ಪ್ರಮಾಣದಲ್ಲಿ ದೊರೆಯುವುದಿಲ್ಲ. ಆದುದರಿಂದ, ಬದಲಾಗದೆ ಉಳಿಯುವುದೆಂದು ನಂಬಿದ ಮತ್ತೊಂದು ವಂಶವಾಹಿಗೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಇದೇ ಆಧಾರ ವಂಶವಾಹಿ. ನಮ್ಮ ತೂಕದ ಕಲ್ಲು.

ಬಹುಕಾಲದಿಂದ ಆಕ್ಟಿನ್ ಮತ್ತು ಜಿಎಪಿಡಿಎಚ್ ವಂಶವಾಹಿಗಳನ್ನು ಈ ಕೆಲಸಕ್ಕೆ ಬಳಸುತ್ತ ಬಂದಿದ್ದಾರೆ. ಆದರೆ ಆಕ್ಟಿನ್ ಜೀವಕೋಶದ ಒಳಹಂದರದ ಪ್ರೋಟೀನು. ಒತ್ತಡಕ್ಕೆ ಆ ಹಂದರವೂ ಮಣಿಯುತ್ತದೆ. ಜಿಎಪಿಡಿಎಚ್ ಸಕ್ಕರೆಯಿಂದ ಶಕ್ತಿ ಪಡೆಯುವ ಕಾರ್ಯದಲ್ಲಿ ತೊಡಗಿದ ಕಿಣ್ವ. ರಕ್ತನಾಳಗಳಿಲ್ಲದ ಮೃದ್ವಸ್ಥಿಯಲ್ಲಿ ಆಮ್ಲಜನಕ ವಿರಳ. ಅದರ ಏರಿಳಿತದೊಡನೆ ಈ ಕಿಣ್ವದ ತಯಾರಿಕೆಯೂ ಏರಿಳಿಯಬಲ್ಲುದು.

ಒಂದು ಉದಾಹರಣೆಯನ್ನು ಕಲ್ಪಿಸೋಣ. ಒತ್ತಡದಿಂದ ಅಗ್ರಿಕ್ಯಾನಿನ ಆರ್‌ಎನ್‌ಎ ಕಿಂಚಿತ್ತೂ ಬದಲಾಗಲಿಲ್ಲ, ಆಕ್ಟಿನಿನದು ಇಮ್ಮಡಿಯಾಯಿತು. ಆಗ ಇವೆರಡರ ಅನುಪಾತ ಅರ್ಧಕ್ಕಿಳಿಯುತ್ತದೆ. ನಾವು ಅದನ್ನು ನಂಬಿ, ನಿರಪಾಯವಾದ ವ್ಯಾಯಾಮವನ್ನೂ ಕೀಲಿಗೆ ಮಾರಕವೆಂದು ಸಾರಿಬಿಡಬಹುದು!

ಇದಕ್ಕೆ ಪರಿಹಾರವುಂಟು. ಬೇರೆ ಬೇರೆ ಕಾರ್ಯಗಳ ಹಲವು ವಂಶವಾಹಿಗಳನ್ನು ಆರಿಸಿ, ಅದೇ ಅಂಗಾಂಶದಲ್ಲಿ, ಅದೇ ಒತ್ತಡದಲ್ಲಿ ಪರೀಕ್ಷಿಸಬೇಕು. ಎರಡು ವಂಶವಾಹಿಗಳೂ ಸ್ಥಿರವಾಗಿದ್ದರೆ ಅವುಗಳ ಅನುಪಾತ ಎಲ್ಲ ತುಣುಕುಗಳಲ್ಲಿಯೂ ಒಂದೇ ಆಗಿರಬೇಕು. ಈ ತತ್ತ್ವದ ಮೇಲೆ ಬೆಲ್ಜಿಯಂನ ವಾಂಡೆಸೊಂಪೆಲೆ ಮತ್ತು ಸಂಗಡಿಗರು 2002ರಲ್ಲಿ ಜಿನಾರ್ಮ್ ಎಂಬ ಲೆಕ್ಕದ ಕ್ರಮವನ್ನು ಪ್ರಕಟಿಸಿದರು. ಹೆಚ್ಚು ಚಂಚಲವಾದುದನ್ನು ಒಂದೊಂದಾಗಿ ಕೈಬಿಟ್ಟು, ಉಳಿದವುಗಳಲ್ಲಿ ಕನಿಷ್ಠ ಮೂರರ ಗುಣೋತ್ತರ ಮಾಧ್ಯವನ್ನು ಆಧಾರವಾಗಿ ಹಿಡಿಯಬೇಕೆಂಬುದು ಅವರ ಸಲಹೆ. ಒಟ್ಟೊಟ್ಟಿಗೆ ಏರಿಳಿಯುವ ಜೋಡಿಯು ಈ ಪರೀಕ್ಷೆಯನ್ನೂ ವಂಚಿಸಬಲ್ಲುದು. ಬೇರೆ ಬೇರೆ ಕಾರ್ಯದವುಗಳನ್ನು ಆರಿಸುವುದು ಅದಕ್ಕಾಗಿಯೇ.

ಮೊಣಕಾಲಿನಲ್ಲಿ ಸ್ಥಿರವಾದುದು ಬೆನ್ನಿನ ಬಿಲ್ಲೆಯಲ್ಲಿಯೂ ಸ್ಥಿರವಾಗಿರಬೇಕೆಂಬ ನಿಯಮವಿಲ್ಲ. ಆದುದರಿಂದ ಪ್ರತಿ ಹೊಸ ಪ್ರಯೋಗಕ್ಕೆ ಮುನ್ನ ತೂಕದ ಕಲ್ಲನ್ನೇ ತೂಗಿ ನೋಡುವುದು ನಮ್ಮ ಮೊದಲ ಕರ್ತವ್ಯ.