ಘಾಟಿ ಇಳಿಯುವ ಲಾರಿಯೂ ಫೀನಾಲಿಕ್ ರೆಸಿನ್ನೂ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋದಾಗ ಹೆದ್ದಾರಿ ಬದಿಯ ಗ್ಯಾರೇಜುಗಳನ್ನು ನಾವೆಲ್ಲ ನೋಡಿರುತ್ತೇವೆ. ಊಟಿ, ವಯನಾಡು ಕಡೆಯಿಂದ ಬಂದ ಲಾರಿಗಳು ಅಲ್ಲಿ ನಿಂತಿರುತ್ತವೆ. ಒಮ್ಮೆ ಚಕ್ರ ಬಿಚ್ಚಿದ್ದ ಲಾರಿಯ ಹತ್ತಿರ ಸುಟ್ಟ ವಾಸನೆ. "ಏನಣ್ಣ ಇದು?" ಅಂದೆವು. "ಘಾಟಿ ಪೂರಾ ಬ್ರೇಕ್ ತುಳ್ಕೊಂಡೇ ಇಳ್ಸವ್ರೆ, ಲೈನಿಂಗ್ ಸುಟ್ಟೋಗದೆ" ಅಂದರು ಮೆಕ್ಯಾನಿಕ್. ಸುಟ್ಟದ್ದು ಏನು ಗೊತ್ತಾ? ಪರೀಕ್ಷೆಗೆ ನಾವು ಬಾಯಿಪಾಠ ಮಾಡುವ ಫೀನಾಲಿಕ್ ರೆಸಿನ್!

ಏನಿದು?
ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಕೂಡಿ, ನೀರನ್ನು ಹೊರಹಾಕುತ್ತಾ ಬೆಳೆಯುವ ಪಾಲಿಮರ್ ಇದು. ಬೆಲ್ಜಿಯಂ ಮೂಲದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಇದರಿಂದಲೇ ಬೇಕಲೈಟ್ ಮಾಡಿದರು. ಒಮ್ಮೆ ಪೂರ್ತಿ ಗಟ್ಟಿಯಾದರೆ ಮತ್ತೆ ಕರಗಲ್ಲ.

ಎರಡು ವಿಧ
1. ನೋವೊಲಾಕ್: ಆಮ್ಲ ವೇಗವರ್ಧಕ, 1 ಮೋಲ್ ಫೀನಾಲ್‌ಗೆ ಸುಮಾರು 0.8 ಮೋಲ್ ಫಾರ್ಮಾಲ್ಡಿಹೈಡ್. ಬರೀ ಬಿಸಿ ಮಾಡಿದರೆ ಕರಗುತ್ತೆ, ಗಟ್ಟಿಯಾಗಲ್ಲ. ಹೆಕ್ಸಮೀನ್ ಬೆರೆಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸರಪಳಿಗಳ ನಡುವೆ ಅಡ್ಡಕೊಂಡಿ ಬೀಳುತ್ತದೆ.
2. ರೆಸೋಲ್: ಕ್ಷಾರ ವೇಗವರ್ಧಕ; ಫಾರ್ಮಾಲ್ಡಿಹೈಡ್ ಹೆಚ್ಚು. ಗಟ್ಟಿಯಾಗಲು ಬಿಸಿಯೊಂದೇ ಸಾಕು. ಆದ್ದರಿಂದ ಡಬ್ಬದಲ್ಲಿ ಬಹಳ ದಿನ ಇಡಲು ಆಗಲ್ಲ.

ಎಲ್ಲೆಲ್ಲಿ ಬಳಕೆ?
ರೆಸೋಲ್ ಮುಖ್ಯವಾಗಿ ಪ್ಲೈವುಡ್ಡಿನ ಅಂಟು. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಅಲ್ಲಿ ಯೂರಿಯಾ ಅಂಟು ನಿಲ್ಲಲ್ಲ. ನೋವೊಲಾಕ್ ಫೌಂಡ್ರಿಯಲ್ಲಿ ಮರಳಿನ ಅಚ್ಚು ಹಿಡಿಸುತ್ತದೆ, ಕುಕ್ಕರ್ ಹಿಡಿಯಾಗುತ್ತದೆ. ಗ್ರೈಂಡರಿನ ಕಟಿಂಗ್ ವೀಲ್‌ನಲ್ಲಿ ಎರಡೂ ಇರುತ್ತವೆ: ದ್ರವ ರೆಸೋಲ್ ಹರಳುಗಳನ್ನು ನೆನೆಸುತ್ತದೆ, ನೋವೊಲಾಕ್ ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ.

ಮತ್ತೆ ಬ್ರೇಕಿಗೆ ಬರೋಣ
ಲೈನಿಂಗ್‌ನ ನಾರು, ಲೋಹದ ಪುಡಿ, ಖನಿಜಗಳನ್ನು ಹಿಡಿದಿಡುವುದು ಮುಖ್ಯವಾಗಿ ನೋವೊಲಾಕ್. ಜೊತೆಗೆ ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ಮಾಡಿದ ಪುಡಿಯನ್ನೂ ಸೇರಿಸುತ್ತಾರೆ. ಆ ಎಣ್ಣೆಯ ಕಾರ್ಡನಾಲ್ ಕೂಡ ಒಂದು ಫೀನಾಲೇ! ನಮ್ಮ ಕರಾವಳಿಯ ಗೋಡಂಬಿಗೂ ಲಾರಿ ಬ್ರೇಕಿಗೂ ಹೀಗೊಂದು ನಂಟು.

ಆದರೆ ಬಿಸಿ ಸುಮಾರು 300 ಡಿಗ್ರಿ ದಾಟಿದರೆ ರೆಸಿನ್ ಒಡೆಯತೊಡಗುತ್ತದೆ. ಹೊರಬಂದ ಅನಿಲ ಲೈನಿಂಗ್ ಮತ್ತು ಡ್ರಮ್ಮಿನ ನಡುವೆ ಸೇರಿ ಘರ್ಷಣೆ ತಗ್ಗುತ್ತದೆ. ಪೆಡಲ್ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯಲ್ಲ. ಇದೇ ಬ್ರೇಕ್ ಫೇಡ್. ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ಹೀಗಾದರೆ ಗತಿಯೇನು?

ಅದಕ್ಕೇ ಹಳೇ ಡ್ರೈವರುಗಳು "ಹತ್ತೋ ಗೇರಲ್ಲೇ ಇಳಿ" ಅನ್ನುವುದು. ಎಂಜಿನ್ನೇ ವೇಗ ಹಿಡಿದರೆ ಡ್ರಮ್ ಕಾಯುವುದಿಲ್ಲ, ರೆಸಿನ್ ಉಳಿಯುತ್ತದೆ. ಮುಂದಿನ ಸಲ ಬೈಕಿನಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆಯೋ ಊಟಿಗೋ ಹೊರಟಾಗ ಈ ಪಾಠ ನೆನಪಿರಲಿ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ, ಗೆಳೆಯರೇ.